ಮುರಿದದ್ದನ್ನು ಕಟ್ಟುತ್ತ ಲೋಕ ಸುತ್ತಿದ ನಾವಿಕ: ಜೋಶುವಾ ಸ್ಲೋಕಮ್

ಕುವೈತಿನ ಫರ್ವಾನಿಯಾ ಪ್ರಾಂತ್ಯಕ್ಕೆ ಸೇರಿದ ಅರ್ದಿಯಾದಲ್ಲಿ ವಸತಿ ಬಡಾವಣೆಗಳ ಒತ್ತಿಗೇ ವರ್ಕ್‌ಶಾಪು, ಗ್ಯಾರೇಜುಗಳ ಪ್ರದೇಶವೊಂದಿದೆ. ಅಲ್ಲಿನ ಒಂದು ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಡೀಸೆಲ್ ಎಂಜಿನುಗಳನ್ನು ದುರಸ್ತಿ ಮಾಡುತ್ತಿದ್ದೇನೆ. ಹುಟ್ಟಿದ್ದು ಉಡುಪಿ ಜಿಲ್ಲೆಯ ಕಡಲತೀರದಲ್ಲಿ. ಆದ್ದರಿಂದ ಕಡಲೂ ಎಂಜಿನೂ ನನಗೆ ಹೊಸವಲ್ಲ ಎಂಬ ಹೆಮ್ಮೆ ಬಹಳ ಕಾಲ ನನ್ನಲ್ಲಿತ್ತು.

ಆ ಹೆಮ್ಮೆ ಮೂರು ಚಳಿಗಾಲಗಳ ಹಿಂದೆ ಒಂದು ಶುಕ್ರವಾರ ಮುರಿಯಿತು. ಪರಿಚಯದ ಕುವೈತಿ ಹಿರಿಯರೊಬ್ಬರು ತಮ್ಮ ದೋಣಿಯಲ್ಲಿ ಫೈಲಾಕಾ ದ್ವೀಪದ ಕಡೆಗೆ ಮೀನು ಹಿಡಿಯಲು ಹೊರಟಾಗ ನನ್ನನ್ನೂ ನನ್ನ ಮಗನನ್ನೂ ಕರೆದುಕೊಂಡಿದ್ದರು. ಆ ದೋಣಿಯ ಎಂಜಿನು ನೋಡಿಕೊಳ್ಳುವವನು ನಾನೇ. ಮರಳುವ ದಾರಿಯಲ್ಲಿ ಎಂಜಿನು ಕಾದು ನಿಂತಿತು. ತಂಪುನೀರು ಎತ್ತುವ ಪಂಪಿನೊಳಗಿನ ರಬ್ಬರಿನ ಇಂಪೆಲ್ಲರ್ ಚೂರುಚೂರಾಗಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು. ಅದರ ಹೊಸದೊಂದು ಅರ್ದಿಯಾದಲ್ಲಿ ನನ್ನ ಮೇಜಿನ ಡ್ರಾಯರಿನೊಳಗೆ ಭದ್ರವಾಗಿತ್ತು. ವಾಯವ್ಯದ ಶಮಾಲ್ ಗಾಳಿ ಎದ್ದಿತ್ತು. ಲಂಗರಿನ ಹಗ್ಗ ಗಿಡ್ಡವಾಗಿದ್ದುದರಿಂದ ಲಂಗರು ತಳ ಕಚ್ಚಲಿಲ್ಲ. ಹೊತ್ತು ಮುಳುಗುವ ಮೊದಲು ಮೀನುಗಾರರ ದೋಣಿಯೊಂದು ನಮ್ಮನ್ನು ಕಂಡು ಎಳೆದು ತಂದಿತು. ದೋಣಿಯ ಯಜಮಾನರು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಬಹಳ ದಿನ ನೋವು ಕೊಟ್ಟಿತು.

ಅದಾದ ಕೆಲವು ವಾರಗಳಲ್ಲಿ ಜೋಶುವಾ ಸ್ಲೋಕಮ್‌ನ ಪ್ರವಾಸಗ್ರಂಥವನ್ನು ಓದಿದೆ. ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿಬಂದ ಮೊದಲ ಮನುಷ್ಯ ಎಂದು ಆತನ ಹೆಸರು ಲೋಕಪ್ರಸಿದ್ಧ. ಅಷ್ಟು ಮಾತ್ರ ನನಗೂ ಗೊತ್ತಿತ್ತು. ಆ ಮೂರು ವರ್ಷಗಳಲ್ಲಿ ಆತನ ದೋಣಿಯಲ್ಲಿ ಏನೇನು ಮುರಿಯಿತು, ಏನೇನು ಹರಿಯಿತು, ಏನೇನು ಕೆಟ್ಟಿತು ಎಂಬುದು ಗೊತ್ತಿರಲಿಲ್ಲ. ರಿಪೇರಿಯವನ ಕಣ್ಣಿನಿಂದ ಓದಿದಾಗ ಆ ಪುಸ್ತಕ ಸಾಹಸಕಥೆಗಿಂತ ಹೆಚ್ಚಾಗಿ ದುರಸ್ತಿಯ ಕಥೆಯಾಗಿ ಕಂಡಿತು. ಆ ದೃಷ್ಟಿಯಿಂದಲೇ ಆತನ ಜೀವನವನ್ನು ಇಲ್ಲಿ ಹೇಳುತ್ತಿದ್ದೇನೆ.

ಚಮ್ಮಾರಿಕೆಯ ಮನೆಯಿಂದ ಕಡಲಿಗೆ

ಸ್ಲೋಕಮ್ ಹುಟ್ಟಿದ್ದು 1844ರ ಫೆಬ್ರವರಿ 20ರಂದು, ಇಂದಿನ ಕೆನಡಾದ ನೋವಾಸ್ಕೋಷಿಯಾ ಪ್ರಾಂತ್ಯದ ಮೌಂಟ್ ಹ್ಯಾನ್ಲಿ ಎಂಬಲ್ಲಿ. ಹನ್ನೊಂದು ಮಕ್ಕಳಲ್ಲಿ ಆತ ಐದನೆಯವನು. ಆತನಿಗೆ ಎಂಟು ವರ್ಷವಾದಾಗ ಕುಟುಂಬ ಬ್ರಯರ್ ದ್ವೀಪಕ್ಕೆ ಬಂದು ನೆಲೆಸಿತು. ಅಲ್ಲಿ ತಂದೆ ಮೀನುಗಾರರಿಗೆ ಚರ್ಮದ ಬೂಟುಗಳನ್ನು ಹೊಲಿಯುವ ಕೆಲಸ ಮಾಡುತ್ತಿದ್ದ. ಶಾಲೆ ಬಿಡಿಸಿ ಹುಡುಗನನ್ನೂ ಅದೇ ಕೆಲಸಕ್ಕೆ ಹಚ್ಚಿದ. ನೆಲಮಾಳಿಗೆಯಲ್ಲಿ ಗುಟ್ಟಾಗಿ ಮಾಡುತ್ತಿದ್ದ ಹಡಗಿನ ಪುಟ್ಟ ಮಾದರಿಯೊಂದು ತಂದೆಯ ಕಣ್ಣಿಗೆ ಬಿದ್ದು ನೆಲಕ್ಕಪ್ಪಳಿಸಿ ಪುಡಿಯಾಯಿತು. ಹುಡುಗ ಹದಿನಾಲ್ಕರಲ್ಲಿ ಮನೆ ಬಿಟ್ಟು ಮೀನುಗಾರಿಕೆಯ ಹಡಗೊಂದರಲ್ಲಿ ಅಡುಗೆಯವನಾಗಿ ಸೇರಿದ. ತಾಯಿ ತೀರಿಕೊಂಡ 1860ರಲ್ಲಿ ಊರನ್ನು ಶಾಶ್ವತವಾಗಿ ತೊರೆದು ದೂರದ ಕಡಲಯಾನದ ಹಡಗು ಹತ್ತಿದ.

ಹೊಲಿಗೆಯ ಸೂಜಿ ಹಿಡಿಯಲು ಆ ಕೈ ಮೊದಲು ಕಲಿತದ್ದು ಆ ಬೂಟಿನ ಅಂಗಡಿಯಲ್ಲಿ. ತಾನು ದ್ವೇಷಿಸಿದ ಆ ಕೆಲಸ ಮುಂದೆ ಮೆಜೆಲನ್ ಜಲಸಂಧಿಯಲ್ಲಿ ಹರಿದ ಹಾಯಿಯ ಮುಂದೆ ಕುಳಿತಾಗ ಕೈಗೆ ಬಂದಿರಬೇಕು ಎಂದು ನಾನು ಅಂದುಕೊಳ್ಳುತ್ತೇನೆ.

ಹದಿನೆಂಟರ ಹರೆಯದಲ್ಲೇ ಸ್ಲೋಕಮ್ ಹಡಗಿನ ಅಧಿಕಾರಿಯಾದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಪೌರತ್ವ ಪಡೆದ. 1871ರಲ್ಲಿ ವಾಷಿಂಗ್ಟನ್ ಎಂಬ ಹಡಗಿನ ಕಪ್ತಾನನಾಗಿ ಸಿಡ್ನಿಗೆ ಹೋದಾಗ ವರ್ಜೀನಿಯಾ ವಾಕರ್ ಎಂಬ ಯುವತಿಯನ್ನು ಮದುವೆಯಾದ. ಅಂದಿನಿಂದ ಆ ದಂಪತಿಗಳ ಮನೆ ಹಡಗೇ ಆಯಿತು. ಮಕ್ಕಳು ಹುಟ್ಟಿದ್ದು ಹಡಗುಗಳಲ್ಲಿ, ಬಂದರುಗಳಲ್ಲಿ. ವಾಷಿಂಗ್ಟನ್ ಹಡಗು ಅಲಾಸ್ಕದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ನೆಲಕ್ಕೆ ಬಡಿದು ಹಾಳಾಯಿತು. ಆದರೆ ಆತ ಹಿಡಿದಿದ್ದ ಮೀನಿನ ಸರಕನ್ನೂ ಸಿಬ್ಬಂದಿಯನ್ನೂ ತೆರೆದ ದೋಣಿಗಳಲ್ಲಿ ಪಾರುಮಾಡಿದ. ಮುಂದೆ ಫಿಲಿಪ್ಪೀನ್ಸಿನ ಸೂಬಿಕ್ ಕೊಲ್ಲಿಯ ದಡದಲ್ಲಿ ಕಾಡಿನ ಮರ ಕಡಿಸಿ ಒಂದು ಉಗಿಹಡಗಿನ ಒಡಲನ್ನು ಕಟ್ಟಿಕೊಟ್ಟ. ಹಡಗು ನಡೆಸುವುದು ಎಷ್ಟು ಬರುತ್ತಿತ್ತೋ ಹಡಗು ಕಟ್ಟುವುದೂ ಅಷ್ಟೇ ಬರುತ್ತಿತ್ತು. ಆ ಕಾಲದ ಕಪ್ತಾನರಲ್ಲಿ ಈ ಎರಡೂ ವಿದ್ಯೆ ಒಬ್ಬನಲ್ಲೇ ಕೂಡಿರುವುದು ಅಪರೂಪವಾಗಿತ್ತು.

1884ರ ಜುಲೈನಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ ವರ್ಜೀನಿಯಾ ತೀರಿಕೊಂಡಳು. ಆಗ ಅವಳಿಗೆ ಮೂವತ್ತನಾಲ್ಕು ವರ್ಷ. ಆ ನಂತರ ತಂದೆ ಚುಕ್ಕಾಣಿ ಕಳಚಿದ ಹಡಗಿನಂತಾದರೆಂದು ಮಕ್ಕಳು ಮುಂದೆ ನೆನೆಸಿಕೊಂಡಿದ್ದಾರೆ.

ಒಡೆದ ಹಡಗಿನಿಂದ ಹುಟ್ಟಿದ ದೋಣಿ

ಆಗ ಸ್ಲೋಕಮ್‌ನ ಕೈಯಲ್ಲಿದ್ದದ್ದು ಅಕ್ವಿಡ್ನೆಕ್ ಎಂಬ ಸ್ವಂತ ಹಡಗು. 1886ರಲ್ಲಿ ತನ್ನ ಸಂಬಂಧಿಕಳಾದ ಹೆನ್ರಿಯೆಟ್ಟಾ ಎಲಿಯಟ್‌ಳನ್ನು ಮದುವೆಯಾಗಿ ದಕ್ಷಿಣ ಅಮೆರಿಕದ ಕಡೆ ವ್ಯಾಪಾರಕ್ಕೆ ಹೊರಟ. ಮುಂದಿನ ವರ್ಷ ಕಾಲರಾದ ಭಯದಿಂದ ಬಂದರುಗಳು ಮುಚ್ಚಿದವು, ಸಿಬ್ಬಂದಿಗೆ ಸಿಡುಬು ಬಂತು, ಹಡಗಿನಲ್ಲಿ ದಂಗೆಯೆದ್ದವರ ಮೇಲೆ ಆತ ಗುಂಡು ಹಾರಿಸಿ ಒಬ್ಬನು ಸತ್ತ. ನ್ಯಾಯಾಲಯ ಅದನ್ನು ಆತ್ಮರಕ್ಷಣೆಯೆಂದು ಬಿಟ್ಟಿತು. ಕೊನೆಗೆ 1887ರ ಡಿಸೆಂಬರಿನಲ್ಲಿ ಬ್ರೆಜಿಲಿನ ಪರನಗ್ವಾ ಕೊಲ್ಲಿಯ ಮರಳುದಿಬ್ಬಕ್ಕೆ ಹಡಗು ಹತ್ತಿ ಒಡೆಯಿತು. ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಡನೆ ಸ್ಲೋಕಮ್ ಪರದೇಶದ ದಡದಲ್ಲಿ ನಿರ್ಗತಿಕನಾಗಿ ನಿಂತ.

ಯಾರಾದರೂ ರಾಯಭಾರ ಕಚೇರಿಯ ಬಾಗಿಲು ತಟ್ಟಿ ಟಿಕೆಟ್ಟು ಕೇಳುವ ಹೊತ್ತು ಅದು. ಪರದೇಶದಲ್ಲಿರುವ ನಮಗೆ ಆ ಸ್ಥಿತಿ ಊಹಿಸಲಾರದ್ದೇನೂ ಅಲ್ಲ. ಸ್ಲೋಕಮ್ ಒಡೆದ ಹಡಗಿನಿಂದ ಎತ್ತಿದ ಸಾಮಾನು, ಸುತ್ತಲ ಕಾಡಿನ ಮರ ಇವುಗಳಿಂದ ಮೂವತ್ತೈದು ಅಡಿ ಉದ್ದದ ದೋಣಿಯೊಂದನ್ನು ಕಟ್ಟಿದ. ಕೊಡಲಿ, ಬೈರಿಗೆ, ಗರಗಸಗಳಂಥ ಕೆಲವೇ ಉಪಕರಣಗಳಿದ್ದವು. ಮೊಳೆ ಬಿಗಿಯಲು ಬೇಕಾದ ಬಿಲ್ಲೆಗಳಿಗೆ ತಾಮ್ರದ ನಾಣ್ಯಗಳು ಉಪಯೋಗಕ್ಕೆ ಬಂದವು. ಹೊಲಿಗೆ ಬಲ್ಲ ಹೆನ್ರಿಯೆಟ್ಟಾ ಹಾಯಿಗಳನ್ನು ಹೊಲಿದಳು. ಹಾಯಿಯ ಕಟ್ಟು ಚೀನೀ ದೋಣಿಗಳ ರೀತಿಯದು. ಗಾಳಿ ಹೆಚ್ಚಾದರೆ ಕ್ಷಣದಲ್ಲಿ ಮಡಚಬಹುದಾದಂಥದು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದ 1888ರ ಮೇ 13ರಂದೇ ದೋಣಿ ನೀರಿಗಿಳಿಯಿತು. ಅದಕ್ಕೆ ಸ್ವಾತಂತ್ರ್ಯ ಎಂಬ ಅರ್ಥದ ಲಿಬರ್ದಾಡೆ ಎಂಬ ಹೆಸರಿಟ್ಟ.

ಮೊದಲ ಬಿರುಗಾಳಿಗೇ ಹಳೆಯ ಬಟ್ಟೆಯ ಹಾಯಿಗಳು ಹರಿದುಹೋದವು. ಫೈನಾನ್ಸ್ ಎಂಬ ಉಗಿಹಡಗು ದೋಣಿಯನ್ನು ಸ್ಯಾಂಟೋಸ್‌ನಿಂದ ರಿಯೊವರೆಗೆ ಎಳೆದುಕೊಂಡು ಹೋಯಿತು. ಅಲ್ಲಿ ಹೊಸ ಹಾಯಿ ಕಟ್ಟಿಕೊಂಡು ನಾಲ್ವರೂ ಮುಂದುವರಿದರು. ಐವತ್ತಮೂರು ದಿನಗಳ ಯಾನದಲ್ಲಿ ಸುಮಾರು 5,500 ಮೈಲಿ ಕ್ರಮಿಸಿ ಅಮೆರಿಕದ ದಡ ಸೇರಿದರು. 1888ರ ಡಿಸೆಂಬರ್ ಕೊನೆಯಲ್ಲಿ ವಾಷಿಂಗ್ಟನ್ ನಗರ ತಲುಪಿದರು. ಹೆನ್ರಿಯೆಟ್ಟಾ ಮತ್ತೆಂದೂ ಗಂಡನೊಡನೆ ದೂರದ ಯಾನಕ್ಕೆ ಹೊರಡಲಿಲ್ಲ.

ನಾನಿರುವ ಈ ನೆಲದ ನಾವಿಕರಿಗೆ ಇಂಥ ಬಾಳು ಅಪರಿಚಿತವಲ್ಲ. ಸಾಲ್ಮಿಯಾದ ವಿಜ್ಞಾನ ಕೇಂದ್ರದ ಬಳಿ ಫತ್ಹ್ ಅಲ್-ಖೈರ್ ಎಂಬ ಹಳೆಯ ಹಾಯಿಹಡಗನ್ನು ಉಳಿಸಿ ನಿಲ್ಲಿಸಿದ್ದಾರೆ. 1938ರಲ್ಲಿ ಕಟ್ಟಿದ ಬೂಮ್ ಜಾತಿಯ ಹಡಗು ಅದು. ಕುವೈತಿನಲ್ಲಿ ತೈಲ ಸಿಕ್ಕಿದ್ದೂ ಅದೇ ವರ್ಷ. ಮರವೇ ಬೆಳೆಯದ ಈ ಮರಳುನಾಡಿನವರು ನಮ್ಮ ಪಶ್ಚಿಮ ಕರಾವಳಿಯಿಂದ ತೇಗದ ಮರವನ್ನೂ ತೆಂಗಿನ ನಾರಿನ ಹಗ್ಗವನ್ನೂ ತಂದು ಹಡಗು ಕಟ್ಟುತ್ತಿದ್ದರು. ಬಡಗಿಯೂ ಹಡಗಿನಲ್ಲೇ ಪಯಣಿಸುತ್ತಿದ್ದ. ಹಾಯಿ ಹೊಲಿಯುವುದು ಖಲಾಸಿಗಳೆಲ್ಲರ ಕೆಲಸ. ಅಂಗಡಿ ಇಲ್ಲದ ಕಡಲಲ್ಲಿ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಮಗನೊಡನೆ ಆ ಹಡಗಿನ ಮುಂದೆ ನಿಂತಾಗಲೆಲ್ಲ ನನಗೆ ನನ್ನ ಡ್ರಾಯರಿನೊಳಗಿನ ಇಂಪೆಲ್ಲರ್ ನೆನಪಾಗುತ್ತದೆ.

ಹೊಲದಲ್ಲಿ ನಿಂತಿದ್ದ ಸ್ಪ್ರೇ

ಉಗಿಹಡಗುಗಳ ಕಾಲ ಬಂದಿತ್ತು. ಹಾಯಿಹಡಗಿನ ಕಪ್ತಾನರನ್ನು ಕೇಳುವವರಿರಲಿಲ್ಲ. 1892ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ಸ್ಲೋಕಮ್‌ಗೆ ಎಬೆನ್ ಪಿಯರ್ಸ್ ಎಂಬ ನಿವೃತ್ತ ತಿಮಿಂಗಿಲ ಬೇಟೆಯ ಕಪ್ತಾನ ಹಡಗೊಂದನ್ನು ಕೊಡುವುದಾಗಿ ಹೇಳಿದ. ಅದಕ್ಕೆ ಸ್ವಲ್ಪ ರಿಪೇರಿ ಬೇಕೆಂದೂ ಸೇರಿಸಿದ. ಫೇರ್‌ಹೇವನ್ ಊರಿಗೆ ಹೋಗಿ ನೋಡಿದರೆ ಸ್ಪ್ರೇ ಎಂಬ ಹಳೆಯ ದೋಣಿ ಏಳು ವರ್ಷಗಳಿಂದ ಹೊಲವೊಂದರಲ್ಲಿ ಕಂಬಗಳ ಆಸರೆಯಲ್ಲಿ ನಿಂತಿತ್ತು. ಅದು ಗೆಳೆಯನ ತಮಾಷೆಯಾಗಿತ್ತು.

ಸ್ಲೋಕಮ್ ತಮಾಷೆಯನ್ನು ನಿಜವೆಂದೇ ತೆಗೆದುಕೊಂಡ. ಹತ್ತಿರದ ಹುಲ್ಲುಗಾವಲಿನ ಓಕ್ ಮರವನ್ನು ಕಡಿದು ಹೊಸ ಬೆನ್ನುಮರ ಕೂರಿಸಿದ. ಪಕ್ಕೆಲುಬಿನ ಮರಗಳನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಿದ. ಒಂದೊಂದೇ ಹಲಗೆ ಬದಲಾಗುತ್ತ ಹಳೆಯ ದೋಣಿ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ಹೇಳಲಾಗದಂತಾಯಿತು. ಹದಿಮೂರು ತಿಂಗಳ ದುಡಿಮೆ, 553 ಡಾಲರ್ 62 ಸೆಂಟ್ ಸಾಮಗ್ರಿಯ ಖರ್ಚು. ದೋಣಿಯ ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು. ಮೂತಿಗೆ ಕೂರಿಸಿದ ಓಕ್ ಮರ ಮುಂದೆ ಕೀಲಿಂಗ್ ದ್ವೀಪಗಳಲ್ಲಿ ಹವಳದ ಗುಡ್ಡೆಯೊಂದನ್ನು ಸೀಳಿಯೂ ಗೀರಾಗದೆ ಉಳಿಯಿತು.

ಇಲ್ಲಿ ನನ್ನ ವೃತ್ತಿಯವರು ಗಮನಿಸಬೇಕಾದ ಒಂದು ಅಂಶವಿದೆ. ದೋಣಿಯ ಪ್ರತಿಯೊಂದು ಹಲಗೆ, ಪ್ರತಿಯೊಂದು ಮೊಳೆ ಎಲ್ಲಿದೆ, ಹೇಗಿದೆ ಎಂಬುದು ಸ್ಲೋಕಮ್‌ಗೆ ಗೊತ್ತಿತ್ತು. ಕಡಲ ಮಧ್ಯೆ ಏನೇ ಕೆಟ್ಟರೂ ಅದನ್ನು ಮಾಡಿದ ಕೈ ದೋಣಿಯಲ್ಲೇ ಇತ್ತು.

ಮುರಿದ ಮರವನ್ನು ಗಿಡ್ಡ ಮಾಡುವ ವಿದ್ಯೆ

1895ರ ಏಪ್ರಿಲ್ 24ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಸ್ಲೋಕಮ್ ಬಾಸ್ಟನ್ನಿನಿಂದ ಹೊರಟ. ನಿಖರ ಸಮಯ ತೋರಿಸುವ ಕ್ರೋನೋಮೀಟರ್ ಇಲ್ಲದೆ ಸಾಗರದ ನಡುವೆ ಪೂರ್ವ-ಪಶ್ಚಿಮದ ಸ್ಥಾನ ತಿಳಿಯುವುದು ಕಷ್ಟ. ಆತನ ಬಳಿ ಹಳೆಯದೊಂದು ಇತ್ತು. ಆದರೆ ಅದನ್ನು ಸರಿಪಡಿಸಲು ಹದಿನೈದು ಡಾಲರ್ ಬೇಕಿದ್ದುದರಿಂದ ಮನೆಯಲ್ಲೇ ಬಿಟ್ಟ. ಬದಲಿಗೆ ನೋವಾಸ್ಕೋಷಿಯಾದ ಯಾರ್ಮತ್ ಬಂದರಿನಲ್ಲಿ ಗಾಜು ಒಡೆದಿದ್ದ ತಗಡಿನ ಗಡಿಯಾರವೊಂದನ್ನು, ಒಡೆದ ಕಾರಣಕ್ಕೇ ಬೆಲೆ ಇಳಿಸಿ, ಒಂದು ಡಾಲರಿಗೆ ಕೊಂಡ. ಜುಲೈ 2ರಂದು ಅಲ್ಲಿಂದ ಅಟ್ಲಾಂಟಿಕ್ ಸಾಗರಕ್ಕೆ ಇಳಿದ.

ಜಿಬ್ರಾಲ್ಟರ್ ಮುಟ್ಟಿ, ಅಲ್ಲಿಂದ ಹೊರಟ ಸ್ವಲ್ಪದರಲ್ಲೇ ಮೊರಾಕೋ ತೀರದ ಕಡಲ್ಗಳ್ಳರ ದೋಣಿಯೊಂದು ಬೆನ್ನಟ್ಟಿತು. ಗಾಳಿ ಜೋರಾಗಿತ್ತು. ಆತ ಹಾಯಿಯನ್ನು ಕಿರಿದುಮಾಡಿ ಮುಗಿಸುವಷ್ಟರಲ್ಲಿ ದೊಡ್ಡ ತೆರೆಯೊಂದು ದೋಣಿಯನ್ನು ಅಲುಗಿಸಿತು. ದೊಡ್ಡ ಹಾಯಿಯ ಬುಡವನ್ನು ಹಿಡಿದಿಡುವ ಅಡ್ಡಮರ ಮುರಿಯಿತು. ಅದೇ ತೆರೆಗೆ, ಹಾಯಿ ಇಳಿಸದೆ ಬರುತ್ತಿದ್ದ ಕಳ್ಳರ ದೋಣಿಯ ಕೂವೆಮರವೇ ಉರುಳಿತು. ಇಬ್ಬರಿಗೂ ಮುರಿದದ್ದು ಒಂದೇ ಗಳಿಗೆಯಲ್ಲಿ. ಮೊದಲೇ ಹಾಯಿ ಇಳಿಸಿದವನಿಗೆ ಅಡ್ಡಮರ ಮಾತ್ರ ಹೋಯಿತು. ಸ್ಲೋಕಮ್ ಹಾಯಿಯನ್ನೂ ಮರದ ತುಂಡುಗಳನ್ನೂ ದೋಣಿಯೊಳಕ್ಕೆ ಎಳೆದುಕೊಂಡು, ತಾತ್ಕಾಲಿಕವಾಗಿ ಬಿಗಿದು, ನಲವತ್ತು ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಬ್ರೆಜಿಲಿನ ಪೆರ್ನಂಬುಕೋ ಸೇರಿದ.

ಮುಂದಿನದು ಈ ಜೀವನಕಥೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಭಾಗ. ಮುರಿದ ಅಡ್ಡಮರದ ಬದಲಿಗೆ ಆತ ಇನ್ನೂ ದಪ್ಪದ ಮರವನ್ನು ಹುಡುಕಲಿಲ್ಲ. ಇದ್ದದ್ದರ ಒಳತುದಿಯಿಂದ ಸುಮಾರು ನಾಲ್ಕು ಅಡಿ ಕತ್ತರಿಸಿ ಮತ್ತೆ ಕೂರಿಸಿದ. ಬ್ಯೂನಸ್ ಐರಿಸ್‌ನಲ್ಲಿ ಕೂವೆಮರವನ್ನೇ ಕಳಚಿ ಏಳು ಅಡಿ ಗಿಡ್ಡ ಮಾಡಿದ. ಮೂತಿಯಿಂದ ಮುಂದಕ್ಕೆ ಚಾಚಿದ ಮರವನ್ನು ಐದು ಅಡಿ ಕಡಿಮೆ ಮಾಡಿದ. ಇನ್ನೊಂದು ಅಡಿ ಕತ್ತರಿಸದೆ ಬಿಟ್ಟೆನಲ್ಲ ಎಂದು ಮುಂದೆ ಅದರ ತುದಿಯಲ್ಲಿ ತೂಗಾಡುತ್ತ ಹಾಯಿ ಕಟ್ಟುವಾಗ ಮರುಗಿದ. ಹಿಂಬದಿಯಲ್ಲಿ ಚಿಕ್ಕದೊಂದು ಎರಡನೆಯ ಕೂವೆಮರಕ್ಕೆ ಆಧಾರ ಮಾಡಿದ. ಹೀಗೆ ಒಂದೇ ದೊಡ್ಡ ಹಾಯಿಯ ಮೇಲಿದ್ದ ಭಾರ ಹಂಚಿಹೋಯಿತು. ದೋಣಿಯ ವೇಗ ತುಸು ಕುಗ್ಗಿರಬಹುದು; ಆದರೆ ಮರಗಳ ಮೇಲಿನ ಎಳೆತವೂ ಕುಗ್ಗಿತು.

ಅರ್ದಿಯಾದ ನಮ್ಮ ಶೆಡ್ಡಿಗೆ ಒಂದೇ ಭಾಗ ಮೂರು ಬಾರಿ ಮುರಿದ ಯಂತ್ರಗಳು ಬರುತ್ತವೆ. ಪ್ರತಿಸಲವೂ ಮೊದಲಿನದಕ್ಕಿಂತ ಗಟ್ಟಿಯಾದ ಭಾಗವನ್ನು ಹಾಕಿರುತ್ತಾರೆ. ಅದರ ಮೇಲೆ ಬೀಳುವ ಹೊರೆಯನ್ನು ಯಾರೂ ಕಡಿಮೆ ಮಾಡಿರುವುದಿಲ್ಲ. ಮುರಿತವನ್ನು ಸ್ಲೋಕಮ್ ದುರದೃಷ್ಟವೆಂದು ತಿಳಿಯಲಿಲ್ಲ, ದೋಣಿ ತನಗೆ ಕೊಟ್ಟ ಲೆಕ್ಕವೆಂದು ಓದಿಕೊಂಡ.

ಹರಿದ ಹಾಯಿ, ಕೆಟ್ಟ ಗಡಿಯಾರ, ತಪ್ಪಿದ ಪುಸ್ತಕ

1896ರ ಫೆಬ್ರವರಿಯಲ್ಲಿ ಆತ ದಕ್ಷಿಣ ಅಮೆರಿಕದ ತುದಿಯ ಮೆಜೆಲನ್ ಜಲಸಂಧಿಯನ್ನು ಹೊಕ್ಕ. ಮಾರ್ಚ್ 3ರಂದು ಪಿಲ್ಲರ್ ಭೂಶಿರವನ್ನು ದಾಟಿ ಶಾಂತಸಾಗರಕ್ಕೆ ಇಳಿದ ಕೂಡಲೇ ಬಿರುಗಾಳಿ ಎದ್ದಿತು. ದೊಡ್ಡ ಹಾಯಿ ಚಿಂದಿಯಾಯಿತು. ಮುಂಗಡೆಯ ಚಿಕ್ಕ ಹಾಯಿಯೊಂದನ್ನೇ ಇನ್ನಷ್ಟು ಕಿರಿದು ಮಾಡಿ ನಡುವಿಗೆ ಬಿಗಿದ. ದೋಣಿ ತೆರೆಗೆ ಅಡ್ಡ ತಿರುಗದಂತೆ ಹಿಂದಿನಿಂದ ಎರಡು ಉದ್ದ ಹಗ್ಗಗಳನ್ನು ನೀರಲ್ಲಿ ಎಳೆಯಬಿಟ್ಟ. ಗಾಳಿಗೆ ಎದುರು ನಿಲ್ಲಲಾಗದಿದ್ದಾಗ ಗಾಳಿಯೊಡನೆ ಓಡಿದ. ನಾಲ್ಕು ದಿನ ಕೇಪ್ ಹಾರ್ನ್ ಕಡೆಗೆ ತಳ್ಳಿಸಿಕೊಂಡು ಹೋದ ಮೇಲೆ ರಾತ್ರಿಯ ಕತ್ತಲಲ್ಲಿ ಬಂಡೆಗಳ ಮೇಲೆ ನೊರೆಯುಕ್ಕುವ ಭಯಂಕರ ಜಾಗದೊಳಗೆ ಸಿಕ್ಕಿಕೊಂಡು, ಬೆಳಗಾಗುವವರೆಗೆ ಅತ್ತಿತ್ತ ತಿರುಗುತ್ತ ಬದುಕಿ, ಕಾಕ್‌ಬರ್ನ್ ಕಾಲುವೆಯ ಮೂಲಕ ಮತ್ತೆ ಅದೇ ಜಲಸಂಧಿಗೆ ಬಂದು ಬಿದ್ದ.

ಮೊದಲಿನಿಂದ ಆರಂಭಿಸಬೇಕಾಯಿತು. ಕೈಗೆ ಸಿಕ್ಕ ಬಟ್ಟೆಯ ತುಂಡುಗಳನ್ನೆಲ್ಲ ಸೇರಿಸಿ, ಲಂಗರು ಹಾಕಿದ ಕಡೆಯಲ್ಲೆಲ್ಲ ಕುಳಿತು ಹಾಯಿ ಹೊಲಿದ. ಆ ಕಡೆಯ ಮೂಲನಿವಾಸಿಗಳ ದಾಳಿಯ ಭಯವಿದ್ದುದರಿಂದ ರಾತ್ರಿ ಮಲಗುವ ಮೊದಲು ಅಟ್ಟದ ಮೇಲೆ ಮೊನೆ ಮೇಲಾದ ಮೊಳೆಗಳನ್ನು ಹರಡುತ್ತಿದ್ದ. ಆ ಮೊಳೆಗಳನ್ನು ಪುಂಟಾ ಅರೆನಾಸ್‌ನಲ್ಲಿ ಸ್ಯಾಂಬ್ಲಿಕ್ ಎಂಬ ಹಿತೈಷಿ ಕೊಟ್ಟಿದ್ದ. ಎದುರುಗಾಳಿ ಆತನನ್ನು ಹಲವು ಬಾರಿ ಹಿಂದಕ್ಕಟ್ಟಿತು. ಕೊನೆಗೆ ಏಪ್ರಿಲ್ 13ರಂದು, ತೇಪೆಯ ಹಾಯಿಯನ್ನೇರಿಸಿಕೊಂಡು, ತೆರೆದ ಸಾಗರಕ್ಕೆ ಪಾರಾದ.

ಶಾಂತಸಾಗರದಲ್ಲಿ ಇನ್ನೊಂದು ಬಗೆಯ ಕೇಡು ಕಾದಿತ್ತು. ಹ್ವಾನ್ ಫರ್ನಾಂಡೆಜ್ ದ್ವೀಪ ಬಿಟ್ಟು ನಲವತ್ತಮೂರು ದಿನ ನೆಲ ಕಾಣದೆ ನಡೆದ ಮೇಲೆ, ಚಂದ್ರನಿಗೂ ಸೂರ್ಯನಿಗೂ ನಡುವಣ ಕೋನವನ್ನು ಅಳೆದು ತನ್ನ ಸ್ಥಾನವನ್ನು ಲೆಕ್ಕಹಾಕಿದ. ಅಂದಾಜಿಗೂ ಲೆಕ್ಕಕ್ಕೂ ನೂರಾರು ಮೈಲಿ ವ್ಯತ್ಯಾಸ ಬಂತು. ಮತ್ತೆ ಅಳೆದ, ಫಲಿತಾಂಶ ಅದೇ. ಆಗ ಆತ ತನ್ನ ಕಣ್ಣನ್ನು ಅನುಮಾನಿಸದೆ ಅಚ್ಚಾದ ಕೋಷ್ಟಕವನ್ನೇ ಪರೀಕ್ಷಿಸಿದ. ಅದರ ಒಂದು ಅಂಕಿ ತಪ್ಪಾಗಿತ್ತು. ತಿದ್ದಿ ಲೆಕ್ಕಹಾಕಿದಾಗ ಎರಡೂ ಕೆಲವೇ ಮೈಲಿಗಳ ಅಂತರದಲ್ಲಿ ಕೂಡಿಬಂದವು. ಎದುರಿಗೆ ಮಾರ್ಕೇಸಸ್ ದ್ವೀಪಗಳು ಕಂಡವು. ಯಂತ್ರದಂತೆ ಪುಸ್ತಕವೂ ಕೆಡಬಹುದೆಂದು ನೆನಪಿಡಲು ಆತ ಅದನ್ನು ಬರೆದಿಟ್ಟ.

ಸಮೋವಾ ದ್ವೀಪದ ಮೂಲಕ ಆಸ್ಟ್ರೇಲಿಯಾ ತಲುಪಿದಾಗ ಸಿಡ್ನಿಯಲ್ಲಿ ಹೊಸ ಹಾಯಿಗಳ ದಾನ ದೊರೆಯಿತು. 1897ರ ಜೂನಿನಲ್ಲಿ ಥರ್ಸ್‌ಡೇ ದ್ವೀಪ ಬಿಟ್ಟು ಹಿಂದೂ ಮಹಾಸಾಗರಕ್ಕೆ ಬಂದ. ಚುಕ್ಕಾಣಿಯ ಚಕ್ರವನ್ನು ಹಗ್ಗದಿಂದ ಬಿಗಿದು ಹಾಯಿಗಳನ್ನು ಸರಿತೂಕಕ್ಕೆ ತಂದರೆ ಸ್ಪ್ರೇ ತಾನೇ ದಾರಿ ಹಿಡಿಯುತ್ತಿತ್ತು. ಕೀಲಿಂಗ್ ಕೋಕೋಸ್ ದ್ವೀಪಗಳವರೆಗಿನ 2,700 ಮೈಲಿಗಳನ್ನು ಇಪ್ಪತ್ತಮೂರು ದಿನಗಳಲ್ಲಿ ಕ್ರಮಿಸುವಾಗ ಆತ ಚಕ್ರದ ಮುಂದೆ ನಿಂತದ್ದು ಒಟ್ಟು ಸುಮಾರು ಮೂರು ಗಂಟೆ ಮಾತ್ರ. ತಗಡಿನ ಗಡಿಯಾರದ ನಿಮಿಷದ ಮುಳ್ಳು ಬಿದ್ದುಹೋಗಿತ್ತು. ನಿಂತುಹೋದಾಗ ಅದನ್ನು ಕುದಿಸಿದ, ಮತ್ತೆ ನಡೆಯಿತು. ಅಷ್ಟು ಉದ್ದದ ಸಾಗರದಲ್ಲಿ ಗಂಟೆ ತಿಳಿದರೆ ಆತನಿಗೆ ಸಾಕಾಗಿತ್ತು.

ಇಡೀ ಯಾನದ ಅತಿ ದೊಡ್ಡ ಗಂಡಾಂತರಗಳಲ್ಲಿ ಒಂದು ಆತನಿಗೆ ಒದಗಿದ್ದು ಸ್ಪ್ರೇಯ ಮೇಲಲ್ಲ. ಕೀಲಿಂಗ್ ದ್ವೀಪದಲ್ಲಿ ದೊಡ್ಡ ಕಪ್ಪೆಚಿಪ್ಪುಗಳನ್ನು ತರಲು ಬೇರೆಯವರ ಹಳೆಯ ದೋಣಿಯಲ್ಲಿ, ಒಬ್ಬ ಜೊತೆಗಾರನೊಡನೆ ಹೋಗಿದ್ದ. ಬಿರುಸುಗಾಳಿ ಬೀಸಿ ದೋಣಿಯನ್ನು ತೆರೆದ ಸಾಗರದ ಕಡೆ ನೂಕತೊಡಗಿದಾಗ ನೋಡಿದರೆ ಒಳಗೆ ಹುಟ್ಟೇ ಇರಲಿಲ್ಲ. ಆ ದಿಕ್ಕಿನಲ್ಲಿ ಮುಂದಿನ ನೆಲ ಸುಮಾರು 3,000 ಮೈಲಿ ದೂರದ ಆಫ್ರಿಕಾ. ಒಂದು ಗಳು ಸಿಕ್ಕಿ, ಅದು ಹೇಗೋ ತಳ ಮುಟ್ಟಿದ್ದರಿಂದ ಇಬ್ಬರೂ ಬದುಕಿದರು. ಸ್ವಂತ ದೋಣಿಯ ಪ್ರತಿ ಮೊಳೆಯನ್ನು ಬಲ್ಲವನು ಅಂದು ಹುಟ್ಟು ಇದೆಯೇ ಎಂದು ನೋಡದೆ ಹತ್ತಿದ್ದ. ಇದನ್ನು ಓದಿದಾಗ ನನ್ನ ಮನಸ್ಸು ಮೊದಲ ಬಾರಿಗೆ ಸ್ವಲ್ಪ ಹಗುರಾಯಿತು.

ಮಾರಿಷಸ್, ಡರ್ಬನ್, ಕೇಪ್ ಟೌನ್‌ಗಳನ್ನು ಕಂಡು ಸೇಂಟ್ ಹೆಲೆನಾಕ್ಕೆ ಬಂದಾಗ ಯಾರೋ ಒಂದು ಆಡನ್ನು ಕಾಣಿಕೆಯಾಗಿ ಕೊಟ್ಟರು. ಅದು ಹಗ್ಗಗಳ ಜೊತೆಗೆ ವೆಸ್ಟ್ ಇಂಡೀಸ್ ದ್ವೀಪಗಳ ನಕಾಶೆಯನ್ನೂ ತಿಂದುಹಾಕಿತು. ಅಸೆನ್ಷನ್ ದ್ವೀಪದಲ್ಲಿ ಅದನ್ನು ಇಳಿಸಿ, ಆ ದ್ವೀಪಗಳ ನಡುವೆ ನೆನಪಿನ ಮೇಲೆಯೇ ದಾರಿ ಹಿಡಿದ. ಮನೆ ಹತ್ತಿರವಾಗುತ್ತಿದ್ದಂತೆ ಗಲ್ಫ್ ಸ್ಟ್ರೀಮ್ ಪ್ರವಾಹದ ಅಲೆಗಳಲ್ಲಿ ಕೂವೆಮರವನ್ನು ಮುಂದಿನಿಂದ ಹಿಡಿದಿಡುವ ಹಗ್ಗ ತುದಿಯಲ್ಲಿ ತುಂಡಾಗಿ ಹಾಯಿಯೊಡನೆ ನೀರಿಗೆ ಬಿತ್ತು. ಐವತ್ತನಾಲ್ಕು ವರ್ಷದ ಮನುಷ್ಯ ತೂಗಾಡುವ ಮರವನ್ನು ಒಬ್ಬನೇ ಹತ್ತಿ, ತುದಿಯಲ್ಲಿ ಹಗ್ಗ ಬಿಗಿದು ಇಳಿದ. 1898ರ ಜೂನ್ 27ರ ನಡುರಾತ್ರಿ ಕಳೆದ ಹೊತ್ತಿಗೆ ನ್ಯೂಪೋರ್ಟ್ ಬಂದರು ಸೇರಿದ. ಕ್ರಮಿಸಿದ ದಾರಿ 46,000 ಮೈಲಿ. ಹಿಡಿದ ಕಾಲ ಮೂರು ವರ್ಷ ಎರಡು ತಿಂಗಳು. ಕೆಲವು ದಿನಗಳ ನಂತರ ಸ್ಪ್ರೇಯನ್ನು ಫೇರ್‌ಹೇವನ್ನಿಗೆ ಒಯ್ದು, ಅದನ್ನು ಮೊದಲು ನೀರಿಗಿಳಿಸುವಾಗ ಕಟ್ಟಿದ್ದ ಅದೇ ಗೂಟಕ್ಕೆ ಕಟ್ಟಿದ.

ಕೊನೆಯ ಯಾನ

1900ರಲ್ಲಿ ಪ್ರಕಟವಾದ ಪ್ರವಾಸಗ್ರಂಥ ಆತನಿಗೆ ಕೀರ್ತಿಯನ್ನೂ ಸ್ವಲ್ಪ ಹಣವನ್ನೂ ತಂದಿತು. ಮಾರ್ತಾಸ್ ವಿನ್ಯಾರ್ಡ್ ದ್ವೀಪದಲ್ಲಿ ಮನೆ, ತೋಟ ಕೊಂಡ. ನೆಲದ ಬಾಳು ಹಿಡಿಸಲಿಲ್ಲ. ಚಳಿಗಾಲ ಬಂದರೆ ಸ್ಪ್ರೇ ಏರಿ ಕೆರಿಬಿಯನ್ ಕಡೆ ಹೋಗಿಬರುತ್ತಿದ್ದ. ಈ ವರ್ಷಗಳಲ್ಲಿ ದೋಣಿಯನ್ನು ಕಂಡವರು ಹಗ್ಗಗಳು ಸವೆದಿದ್ದುದನ್ನೂ ಅಟ್ಟ ಕೊಳೆಯಾಗಿದ್ದುದನ್ನೂ ಬರೆದಿದ್ದಾರೆ. ದೋಣಿಯೊಡನೆ ದೋಣಿಯವನೂ ಸವೆದಂತೆ ಅವರಿಗೆ ಕಂಡಿತು. 1909ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಒರಿನೊಕೋ ನದಿಯನ್ನು ನೋಡಿಬರುತ್ತೇನೆಂದು ಹೊರಟ ಸ್ಲೋಕಮ್ ಮತ್ತೆ ಯಾರಿಗೂ ಕಾಣಲಿಲ್ಲ. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. ಜೀವಮಾನವೆಲ್ಲ ಕಡಲಲ್ಲಿ ಕಳೆದ ಆತನಿಗೆ ಈಜು ಬರುತ್ತಿರಲಿಲ್ಲ. 1924ರಲ್ಲಿ ನ್ಯಾಯಾಲಯ ಆತ ಮೃತನೆಂದು ಘೋಷಿಸಿತು.

ದಾರಿಯಲ್ಲಿ ಏನಾಯಿತೆಂದು ಊಹಿಸಲು ನಾನು ಹೋಗುವುದಿಲ್ಲ. ದೊಡ್ಡ ಉಗಿಹಡಗೊಂದು ರಾತ್ರಿಯಲ್ಲಿ ಕಾಣದೆ ಗುದ್ದಿದ್ದರೆ ಯಾವ ದುರಸ್ತಿಯೂ ಉಳಿಸುತ್ತಿರಲಿಲ್ಲ. ಆದರೂ ಸವೆದ ಆ ಹಗ್ಗಗಳ ಮಾತು ನನ್ನನ್ನು ಬಿಡುವುದಿಲ್ಲ. ಹರಿದ ಮೇಲೆ ಹೊಲಿಯಲು ಬಲ್ಲವನಿಗೆ ಹರಿಯುವ ಮೊದಲು ನೋಡುವ ಅಭ್ಯಾಸ ವಯಸ್ಸಾದಂತೆ ತಪ್ಪಿಹೋಗಬಹುದು. ತಾನು ಹೇಗಾದರೂ ಸರಿಮಾಡಬಲ್ಲೆ ಎಂಬ ನಂಬಿಕೆಯೇ ಆ ಅಭ್ಯಾಸವನ್ನು ತಿನ್ನುತ್ತದೆ. ನನಗೆ ಆದದ್ದೂ ಅದೇ.

ಈಗ ಆ ಕುವೈತಿ ಹಿರಿಯರ ದೋಣಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಎರಡು ಇಂಪೆಲ್ಲರ್, ಬೆಲ್ಟು, ಫಿಲ್ಟರು, ಹೋಸು ಬಿಗಿಯುವ ಕ್ಲಿಪ್ಪುಗಳು, ಅವುಗಳನ್ನು ಹಾಕಲು ಬೇಕಾದಷ್ಟೇ ಸ್ಪ್ಯಾನರುಗಳು ಅದರೊಳಗಿವೆ. ಲಂಗರಿಗೆ ಉದ್ದದ ಹೊಸ ಹಗ್ಗ ಕಟ್ಟಿದ್ದೇನೆ. ಎರಡು ಹುಟ್ಟುಗಳಿವೆ. ಹೊರಡುವ ಮೊದಲು ಪೆಟ್ಟಿಗೆ ತೆರೆದು ಒಂದೊಂದನ್ನೇ ಎಣಿಸುವುದು ನನ್ನ ಮಗನ ಕೆಲಸ. ಕಳೆದ ಚಳಿಗಾಲದಲ್ಲಿ ದಡದಲ್ಲೇ ಕುಳಿತು ಪಂಪು ಬಿಚ್ಚಿ ಇಂಪೆಲ್ಲರ್ ಬದಲಾಯಿಸುವುದನ್ನು ಅವನಿಗೆ ಕಲಿಸಿದೆ. ಮೊದಲ ಸಲ ಅವನಿಗೆ ನಲವತ್ತು ನಿಮಿಷ ಹಿಡಿಯಿತು. ಯಜಮಾನರು ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತ ಕೊನೆಯವರೆಗೂ ನೋಡಿದರು.